ಆರೈಕೆ ಮಾಡುವವರಿಗೆ ಆಸರೆ ಯಾರು?

ಕಾಯಿಲೆ ಬಿದ್ದವನಿಗೆ ರೋಗಿ ಎಂದು ಹೆಸರುಂಟು. ಮದ್ದು ಕೊಡುವವನಿಗೆ ವೈದ್ಯ ಎಂದು ಹೆಸರುಂಟು. ಆ ರೋಗಿಯ ಮಗ್ಗುಲಲ್ಲಿ ಹಗಲಿರುಳು ಕುಳಿತು, ಗಂಜಿ ಕುಡಿಸಿ, ಮೈ ಒರೆಸಿ, ಬಟ್ಟೆ ಬದಲಿಸುವವರಿಗೆ ಮಾತ್ರ ನಮ್ಮ ಮನೆಮಾತಿನಲ್ಲಿ ಬೇರೆ ಹೆಸರಿಲ್ಲ. ಇತ್ತೀಚೆಗೆ 'ಆರೈಕೆದಾರರು' ಎಂಬ ಮಾತು ಆಸ್ಪತ್ರೆಯ ಕಾಗದಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಮನೆಯೊಳಗೆ ಅದನ್ನು ಯಾರೂ ಆಡುವುದಿಲ್ಲ. ಮನೆಯೊಳಗೆ ಅವರ ಹೆಸರು ಸೊಸೆ, ಮಗಳು, ಹೆಂಡತಿ, ಅಪರೂಪಕ್ಕೊಮ್ಮೆ ಮಗ. ಈ ಕೆಲಸಕ್ಕೆ ಹೊತ್ತುಗೊತ್ತಿಲ್ಲ, ರಜೆಯಿಲ್ಲ, ನಿವೃತ್ತಿಯಿಲ್ಲ. ಸರಕಾರಿ ಕಚೇರಿಯಲ್ಲಿ ಕಾರಕೂನಿಕೆ ಮಾಡುವ ನಮ್ಮಂಥವರಿಗೆ, ಈ ಮೂರೂ ಇಲ್ಲದ ಕೆಲಸವೊಂದುಂಟು ಎಂದು ಕಲ್ಪಿಸಿಕೊಳ್ಳುವುದೇ ಕಷ್ಟ. ಆದರೆ ಅದು ನಮ್ಮ ಮನೆಯಲ್ಲಿಯೇ ಐದು ವರ್ಷಗಳಿಂದ ನಡೆದಿದೆ. ಆದ್ದರಿಂದ ರೋಗಿಯನ್ನು ಬಿಟ್ಟು, ರೋಗಿಯ ಪಕ್ಕದಲ್ಲಿರುವವರನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಹೊರಟಿದ್ದೇವೆ. ನಾವು ವೈದ್ಯರಲ್ಲ, ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಹೇಳುತ್ತೇವೆ, ಅಷ್ಟೆ.

ಈ ಮಾತು ಬಂದಾಗಲೆಲ್ಲ ಹಿರಿಯರೊಬ್ಬರು ನಿಟ್ಟುಸಿರುಬಿಟ್ಟು, "ನಮ್ಮ ಕಾಲದ ಕೂಡುಕುಟುಂಬದಲ್ಲಿ ಇಂಥ ತಾಪತ್ರಯವೇ ಇರಲಿಲ್ಲ" ಎನ್ನುವುದುಂಟು. ನಿಜ, ಇರಲಿಲ್ಲ. ಆದರೆ ಅದಕ್ಕೆ ಕಾರಣ ಆಗಿನವರ ಗುಣ ದೊಡ್ಡದು, ಈಗಿನವರದು ಸಣ್ಣದು ಎಂಬುದಲ್ಲವೆಂದು ನಮ್ಮ ಅಭಿಪ್ರಾಯ. ಗದಗಿನಲ್ಲಿ ನಮ್ಮ ಅಜ್ಜನ ಮನೆಯಲ್ಲಿ ಮೂವರು ಸೊಸೆಯಂದಿರು, ಇಬ್ಬರು ಗಂಡನನ್ನು ಕಳೆದುಕೊಂಡ ಅತ್ತೆಯರು, ಮನೆತುಂಬ ಮಕ್ಕಳು. ಕಟ್ಟೆಯ ಮೇಲೆ ಸದಾ ಕುಳಿತಿರುವ ಓಣಿಯ ಮಂದಿ. ಹಾಸಿಗೆ ಹಿಡಿದ ಮುತ್ತಜ್ಜಿಗೆ ಒಬ್ಬಳು ನೀರು ಕಾಯಿಸಿದರೆ ಮತ್ತೊಬ್ಬಳು ಎಬ್ಬಿಸುತ್ತಿದ್ದಳು, ಮಗುವೊಂದು ಬೀಸಣಿಗೆ ಬೀಸುತ್ತಿತ್ತು. ಹತ್ತು ಕೈಗಳ ಕೆಲಸವನ್ನು ಹತ್ತು ಕೈಗಳೇ ಮಾಡುತ್ತಿದ್ದವು. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಅದೇ ಕೆಲಸವನ್ನು ಎರಡು ಕೈಗಳು ಮಾಡುತ್ತಿವೆ. ಬದಲಾದದ್ದು ಲೆಕ್ಕ.

ನಮ್ಮ ಅವ್ವನಿಗೆ ಬಂದಿರುವುದು ಡಿಮೆನ್ಶಿಯಾ; ಮರೆವಿನ ರೋಗವೆನ್ನೋಣ. ಮೊದಲು ಇದನ್ನು ಅರವತ್ತರ ಅರಳುಮರಳು ಎಂದು ತಳ್ಳಿಹಾಕುತ್ತಿದ್ದರು. ಅದು ಮುಪ್ಪಿನ ಸಹಜ ಲಕ್ಷಣವಲ್ಲ, ಮಿದುಳಿನ ರೋಗ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, 60 ವರ್ಷ ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ನಮ್ಮ ದೇಶದಲ್ಲಿ ಸುಮಾರು 88 ಲಕ್ಷ ಜನರಿಗೆ, ಈ ರೋಗವಿದೆ. ಒಬ್ಬ ರೋಗಿಗೆ ಒಬ್ಬರೇ ಆರೈಕೆ ಮಾಡುವವರೆಂದು ಹಿಡಿದರೂ ಇನ್ನೊಂದು 88 ಲಕ್ಷವಾಯಿತು. ಈ ಎರಡನೆಯ ಲೆಕ್ಕದವರು ಯಾವ ಆಸ್ಪತ್ರೆಯ ದಫ್ತರದಲ್ಲಿಯೂ ಸಿಗುವುದಿಲ್ಲ.

ಅವ್ವ 1974ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದವರು. ಬಂದಾಗ ಕನ್ನಡವೊಂದನ್ನು ಬಿಟ್ಟು ಬೇರೆ ಭಾಷೆ ಬಾರದು. ಐದಾರು ವರ್ಷಗಳಲ್ಲಿ ಮಂಡಿಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡುವಷ್ಟು, ಚಾಳಿನ ಗುಜರಾತಿ ಹೆಂಗಸಿನೊಡನೆ ಹಿಂದಿಯಲ್ಲಿ ಜಗಳವಾಡಿ ಮತ್ತೆ ರಾಜಿಯಾಗುವಷ್ಟು ಕಲಿತರು. ನಾವು ಚಿಕ್ಕವರಿದ್ದಾಗ ಅವರ ಮರಾಠಿ ನಮ್ಮ ಶಾಲೆಯ ಬಾಯಿಯವರ ಮರಾಠಿಗಿಂತ ಚುರುಕಾಗಿತ್ತು. 2020ರಲ್ಲಿ ಮರೆವು ಆರಂಭವಾಯಿತು. ಮರುವರ್ಷ ಆಸ್ಪತ್ರೆಯಲ್ಲಿ ರೋಗದ ಹೆಸರು ತಿಳಿಯಿತು. ಎರಡು ವರ್ಷಗಳಲ್ಲಿ ಮೊದಲು ಹಿಂದಿ ಹೋಯಿತು, ಆಮೇಲೆ ಮರಾಠಿ. ಈಗ ಉಳಿದಿರುವುದು ಕನ್ನಡ. ಅದೂ ನಮ್ಮ ಮಾಸಪತ್ರಿಕೆಗಳ ಕನ್ನಡವಲ್ಲ, ಗದಗಿನ ಓಣಿಯ ಕನ್ನಡ. ಈ ರೋಗದಲ್ಲಿ ಅನೇಕರಿಗೆ ಹೀಗೆಯೇ ಆಗುತ್ತದೆಯೆಂದು ವೈದ್ಯರು ಹೇಳಿದರು: ತಡವಾಗಿ ಕಲಿತದ್ದು ಮೊದಲು ಅಳಿಸುತ್ತದೆ, ತೊಟ್ಟಿಲಿನಲ್ಲಿ ಕೇಳಿದ್ದು ಕೊನೆಯವರೆಗೆ ನಿಲ್ಲುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿಯವರೂ ಅವರ ಸಂಗಡಿಗರೂ 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತಂತೆ. ಓದುಬರಹ ಬಾರದವರಲ್ಲಿ ಕೂಡ ಈ ವ್ಯತ್ಯಾಸ ಕಂಡುಬಂದಿತು. ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಹೆಚ್ಚಿನ ಲಾಭವೆಂದೇನೂ ಕಾಣಲಿಲ್ಲ. ಆದ್ದರಿಂದ ಏಳು ಭಾಷೆ ಬಲ್ಲೆವೆಂದು ಹೇಳಿಕೊಳ್ಳುವ ನಮ್ಮ ಸಂಘದ ಮಿತ್ರರು ಹಿಗ್ಗಬೇಕಾಗಿಲ್ಲ. ಪರಸ್ಥಳದಲ್ಲಿ ಬಾಳುವ ನಮ್ಮೆಲ್ಲರ ಮನೆಗಳಲ್ಲಿ ಎರಡು ಭಾಷೆಯಂತೂ ಇದ್ದೇ ಇದೆ. ಮಂಡಿಯಲ್ಲಿ ಕಲಿತ ಮರಾಠಿಯೂ ಅವ್ವನಿಗೆ ಕೆಲವು ಒಳ್ಳೆಯ ವರ್ಷಗಳನ್ನು ದೊರಕಿಸಿಕೊಟ್ಟಿತೇನೋ ಎಂದುಕೊಳ್ಳುತ್ತೇವೆ.

ಆದರೆ ಭಾಷೆ ಹೋದದ್ದರ ಭಾರ ಬಿದ್ದದ್ದು ಬೇರೆ ಕಡೆ. ಹಗಲು ನೋಡಿಕೊಳ್ಳಲು ಆಯಾಬಾಯಿಯನ್ನು ಗೊತ್ತುಮಾಡಿದೆವು. ಸಂಬಳ ನಮ್ಮ ತಿಂಗಳ ಪಗಾರದ ಅರ್ಧಕ್ಕೆ ಸಮೀಪ. ಬ್ಯೂರೋದವರು ಮೂರು ತಿಂಗಳಲ್ಲಿ ನಾಲ್ವರನ್ನು ಕಳಿಸಿದರು. ಅವರಲ್ಲಿ ಒಬ್ಬಾಕೆ ಬಹಳ ಒಳ್ಳೆಯ ಹೆಂಗಸು, ಸಾತಾರಾ ಕಡೆಯವಳು. ಕೆಲಸ ಚೊಕ್ಕಟ, ಕೈ ಮೆತ್ತಗೆ. ಆಕೆ "ಆಜಿ, ಪಾಣಿ ಪ್ಯಾ" ಎಂದರೆ ಅವ್ವನಿಗೆ ತಿಳಿಯದು. ತಿಳಿಯದ ಮಾತಾಡುವ ಅಪರಿಚಿತಳೊಬ್ಬಳು ತನ್ನ ಸೀರೆ ಬಿಚ್ಚಲು ಬಂದರೆ ಯಾವ ಮುದುಕಿಗೆ ಭಯವಾಗದು? "ಈಕಿ ಯಾರವ್ವಾ? ಹೊರಗ ಹೋಗಂತ ಹೇಳು" ಎಂದು ಅವ್ವ ಕೂಗಾಡುತ್ತಿದ್ದರು. ಕೊನೆಗೆ ಆಯಾಬಾಯಿ ಇದ್ದರೂ ನಮ್ಮ ಮನೆಯವರು ಪಕ್ಕದಲ್ಲಿ ನಿಂತು ಅನುವಾದ ಮಾಡಬೇಕಾಯಿತು. ಹಾಗಾದ ಮೇಲೆ ಆಯಾಬಾಯಿ ಏತಕ್ಕೆ? ನಮ್ಮ ಮನೆಯವರು ಖಾಸಗಿ ಶಾಲೆಯೊಂದರಲ್ಲಿ ಒಂಬತ್ತು ವರ್ಷ ಪಾಠ ಹೇಳುತ್ತಿದ್ದ ಕೆಲಸವನ್ನು 2022ರ ಜೂನಿನಲ್ಲಿ ಬಿಟ್ಟರು.

ಅಲ್ಲಿಂದ ಒಂದೂವರೆ ವರ್ಷದ ಕಥೆಯನ್ನು ಉದ್ದ ಮಾಡುವುದಿಲ್ಲ. ಇಂಥ ಮನೆಯಲ್ಲಿ ಇರುವವರಿಗೆ ಅದು ಗೊತ್ತು. ಹಗಲು ಶಾಂತವಾಗಿರುವ ರೋಗಿ ದೀಪ ಹಚ್ಚುವ ಹೊತ್ತಿಗೆ ಚಡಪಡಿಸತೊಡಗುವುದು ಈ ರೋಗದ ಒಂದು ಲಕ್ಷಣ. ಅವ್ವ ಆರು ಗಂಟೆಗೆ ಸೀರೆಯ ಗಂಟು ಕಟ್ಟಿಕೊಂಡು, "ಊರಿಗೆ ಹೋಗೋಣು, ಕತ್ತಲಾತು" ಎಂದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅದೇ ಹೊತ್ತಿಗೆ ಅಡಿಗೆಯಾಗಬೇಕು, ಮಗಳ ಪಾಠ ನೋಡಬೇಕು. ನಾವು ಇನ್ನೂ ಲೋಕಲ್ ಗಾಡಿಯಲ್ಲಿ ಠಾಣೆಯ ಆಚೆ. ರಾತ್ರಿ ಮೂರು ಸಲ ಏಳುವುದು. ಅಮೆರಿಕದ ನ್ಯಾನ್ಸಿ ಮೇಸ್ ಮತ್ತು ಪೀಟರ್ ರೇಬಿನ್ಸ್ ಎಂಬಿಬ್ಬರು ಇಂಥ ಮನೆಗಳಿಗಾಗಿ 1981ರಲ್ಲಿ ಬರೆದ ಪುಸ್ತಕಕ್ಕೆ 'ಮೂವತ್ತಾರು ಗಂಟೆಗಳ ದಿನ' ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಅವರ ಗಣಿತ ಸರಿಯಾಗಿದೆ.

ಆರೈಕೆ ಮಾಡುವವರು ಸೋತರೆಂಬುದು ಹೇಗೆ ತಿಳಿಯುತ್ತದೆ? ಅಳುವುದರಿಂದ ತಿಳಿಯುತ್ತದೆ ಎಂದು ಜನ ಭಾವಿಸುತ್ತಾರೆ. ಬಹುಮಟ್ಟಿಗೆ ಅದು ಸಿಟ್ಟಿನ ರೂಪದಲ್ಲಿ ಬರುತ್ತದೆ. ಅದಕ್ಕಿಂತ ಕೆಟ್ಟ ರೂಪ ಮೌನ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ಹತ್ತಿರದವರ ಮದುವೆಗೂ "ನಾ ಬರೂದಿಲ್ಲ, ನೀವು ಹೋಗಿಬರ್ರಿ" ಎನ್ನುತ್ತಾರೆ. ನಿದ್ದೆಗೆ ವೇಳೆ ಸಿಕ್ಕ ದಿನವೂ ನಿದ್ದೆ ಬಾರದು. ತಮ್ಮ ರಕ್ತದೊತ್ತಡದ ಮಾತ್ರೆ ಮುಗಿದು ಎಂಟು ದಿನವಾದರೂ ತರಿಸುವುದಿಲ್ಲ. ಇವೆಲ್ಲ ನಮ್ಮ ಮನೆಯಲ್ಲಿ ಕಂಡವು. ಇದು ಬರೀ ದಣಿವಲ್ಲ. ಅಮೆರಿಕದಲ್ಲಿ ವಯಸ್ಸಾದ ದಂಪತಿಗಳನ್ನು ನಾಲ್ಕು ವರ್ಷ ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆಯ ಸಂಗಾತಿಯ ಆರೈಕೆಯಿಂದ ಬಳಲಿದವರ ಸಾವಿನ ಸಂಭವ, ಅಂಥ ಹೊಣೆಯಿಲ್ಲದವರಿಗಿಂತ ನೂರಕ್ಕೆ 63ರಷ್ಟು ಹೆಚ್ಚಾಗಿತ್ತೆಂದು ಕಂಡುಬಂದಿತು. ಗಮನಿಸತಕ್ಕ ಅಂಶವೆಂದರೆ, ಆರೈಕೆ ಮಾಡಿಯೂ ಬಳಲದೆ ಉಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಕೆಡುಕು ಇರುವುದು ಆರೈಕೆಯಲ್ಲಲ್ಲ, ಆಸರೆಯಿಲ್ಲದ ಆರೈಕೆಯಲ್ಲಿ ಎಂದು ನಾವು ಇದರಿಂದ ತಿಳಿಯುತ್ತೇವೆ.

ಹಾಗಾದರೆ ಆಸರೆ ಎಂದರೇನು? ಆಸರೆ ಬೇರೆ, ಸಹಾನುಭೂತಿ ಬೇರೆ. ಸಹಾನುಭೂತಿಗೆ ನಮ್ಮಲ್ಲಿ ಬರವಿಲ್ಲ. ರವಿವಾರ ಸಂಜೆ ನಾಲ್ವರು ಬರುತ್ತಾರೆ. ಒಬ್ಬರು ಬ್ರಾಹ್ಮಿಯ ಎಣ್ಣೆ ಹೇಳುತ್ತಾರೆ. ಮತ್ತೊಬ್ಬರು ಬಾದಾಮಿ ನೆನೆಹಾಕಲು ಹೇಳುತ್ತಾರೆ. ಮೂರನೆಯವರು ಅವ್ವನ ಮುಂದೆ ಕುಳಿತು, "ನಾ ಯಾರು ಹೇಳ್ರಿ ನೋಡೋಣು" ಎಂದು ಪರೀಕ್ಷೆ ನಡೆಸುತ್ತಾರೆ. ನಾಲ್ಕನೆಯವರು ತಮ್ಮ ದೂರದ ನೆಂಟರೊಬ್ಬರು ಇದೇ ರೋಗದಲ್ಲಿ ಹೇಗೆ ತೀರಿಕೊಂಡರೆಂದು ವಿವರಿಸುತ್ತಾರೆ. ನಾಲ್ವರಿಗೂ ಚಹಾ, ಅವಲಕ್ಕಿ ಆಗಬೇಕು. ಹೋಗುವಾಗ ಎಲ್ಲರೂ ಹೇಳುವ ಮಾತು ಒಂದೇ: "ಏನರೆ ಬೇಕಾದ್ರ ಹೇಳ್ರಿ, ಸಂಕೋಚ ಮಾಡಬ್ಯಾಡ್ರಿ." ಅವರ ಮನಸ್ಸು ಒಳ್ಳೆಯದೇ. ಆದರೆ 'ಏನಾದರೂ' ಎಂಬುದನ್ನು ಕೇಳುವುದು ಯಾರಿಗೂ ಸಾಧ್ಯವಿಲ್ಲ. "ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಂದು ಕುಳಿತಿರುತ್ತೀರಾ?" ಎಂಬುದನ್ನು ಕೇಳಬಹುದು. ನಮ್ಮ ಮನೆಯವರು ಒಂದು ದಿನ ಇದನ್ನೇ ಕೇಳಿದರು.

ಕೇಳಿದ್ದು ಸಂಘದ ಇಬ್ಬರು ಹಿರಿಯ ಮಹಿಳೆಯರನ್ನು. ಒಬ್ಬರು ಹುಬ್ಬಳ್ಳಿಯವರು, ಇನ್ನೊಬ್ಬರು ಬಾಗಲಕೋಟೆಯವರು; ಇಬ್ಬರಿಗೂ ಮೊಮ್ಮಕ್ಕಳು ದೊಡ್ಡವರಾಗಿ ಮಧ್ಯಾಹ್ನ ಬಿಡುವು. ಬುಧವಾರ ಬಂದು, ಚಾಪೆ ಹಾಸಿ, ಒಂದು ಸೂಡು ಮೆಂತ್ಯದ ಸೊಪ್ಪನ್ನು ನಡುವೆ ಸುರಿದುಕೊಂಡು ಕುಳಿತರು. ಅವ್ವನೂ ಸೋಸತೊಡಗಿದರು. ಕೈಗೆ ಆ ಕೆಲಸ ಮರೆತಿರಲಿಲ್ಲ. ಮಾತು ಎತ್ತಲೋ ಹೋಗುತ್ತಿತ್ತು: ಬನಶಂಕರಿ ಜಾತ್ರೆ, ಜೋಳದ ಸೀತನಿ, ಯಾರದೋ ಮಗಳ ಸೀಮಂತ. ಅವ್ವ ಅವರಲ್ಲಿ ಒಬ್ಬರನ್ನು ತಮ್ಮ ಸೋದರತ್ತೆಯ ಮಗಳೆಂದು ತಿಳಿದರು. ಆಕೆ ಅದನ್ನು ತಿದ್ದಲಿಲ್ಲ. "ಹೌದ ನೋಡವಾ, ನಾನಽ" ಎಂದುಬಿಟ್ಟರು. ನಮ್ಮ ಮನೆಯವರು ಆ ಎರಡು ಗಂಟೆಯಲ್ಲಿ ಏನು ಮಾಡಿದರು ಗೊತ್ತೆ? ಎಲ್ಲಿಗೂ ಹೋಗಲಿಲ್ಲ. ನೆರೆಯವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದರು. ಎರಡನೆಯ ಬುಧವಾರವೂ ಹಾಗೆಯೇ. ಐದನೆಯದಕ್ಕೆ ಸ್ಟೇಶನ್ನಿನ ಕಡೆ ಹೋಗಿ ತಮಗಾಗಿ ಒಂದು ಜೊತೆ ಚಪ್ಪಲಿ ಕೊಂಡು ಬಂದರು. ಆರೈಕೆಯ ಕೈಗಳು ಎಷ್ಟು ಬೇಕಾದರೂ ದುಡ್ಡಿಗೆ ಸಿಗುತ್ತವೆ. ಮುಂಬಯಿಯಲ್ಲಿ ದುಡ್ಡಿಗೆ ಸಿಗದಿರುವುದು ಕನ್ನಡ ಮಾತಾಡುವ ಎರಡು ಗಂಟೆ. ಅದನ್ನು ಕೊಡಬಲ್ಲವರು ನಾವೇ, ನಮ್ಮಂಥ ಸಂಘಗಳೇ.

ದೂರವಿರುವ ಮಕ್ಕಳಿಗೂ ಇದೇ ಮಾತು ಸಲ್ಲುತ್ತದೆ. ನಮ್ಮ ಅಕ್ಕ ಹುಬ್ಬಳ್ಳಿಯಲ್ಲಿದ್ದಾರೆ. ನೌಕರಿ, ಸಂಸಾರ ಬಿಟ್ಟು ಬರಲು ಆಗದು. ವರ್ಷಕ್ಕೆ ಎರಡು ಸಲ ಹದಿನೈದು ದಿನ ಬರುತ್ತಾರೆ. ಅದರ ಜೊತೆಗೆ ಅವರೇ ಹೂಡಿದ ಉಪಾಯ ನೋಡಿ: ದಿನಾಲು ಸಂಜೆ ಆರಕ್ಕೆ ಸರಿಯಾಗಿ ಫೋನಿನಲ್ಲಿ ಮುಖ ತೋರಿಸಿ ಅರ್ಧ ಗಂಟೆ ಅವ್ವನೊಡನೆ ಮಾತಾಡುತ್ತಾರೆ. "ಅವ್ವಾ, ಹೂರಣ ರುಬ್ಬೂದು ಹೆಂಗ, ನನಗ ಮರತೇ ಹೋತು" ಎಂದು ನಿತ್ಯವೂ ಅದೇ ಪ್ರಶ್ನೆ. ಅವ್ವನಿಂದ ನಿತ್ಯವೂ ಹೊಸದೆಂಬಂತೆ ಉತ್ತರ. ಊರಿಗೆ ಹೊರಡುವ ಆ ಕೆಟ್ಟ ಹೊತ್ತು ಎಷ್ಟೋ ದಿನ ಹೀಗೆ ಕಳೆದುಹೋಗುತ್ತದೆ. ಅಷ್ಟರಲ್ಲಿ ಇತ್ತ ಅನ್ನ, ಸಾರು ಆಗಿರುತ್ತದೆ. ತಿಂಗಳಿಗಿಷ್ಟು ಎಂದು ಹಣ ಕಳಿಸಿ ಕೈತೊಳೆದುಕೊಳ್ಳುವ ಅಣ್ಣತಮ್ಮಂದಿರು ಇದನ್ನು ಓದಲಿ. ಹಣ ಬೇಡವೆಂದಲ್ಲ, ಡೈಪರಿನ ಖರ್ಚು ಬಲ್ಲವರು ಹಾಗೆ ಹೇಳಲಾರರು.

ಇನ್ನು ನೌಕರದಾರರ ವಿಷಯ. ಇದು ನಮ್ಮ ಕಸುಬಿಗೆ ಸೇರಿದ್ದು, ಸ್ವಲ್ಪ ಧೈರ್ಯವಾಗಿ ಹೇಳಬಹುದು. ಕೇಂದ್ರ ಸರಕಾರದಲ್ಲಿ ಎಳೆಯ ಮಕ್ಕಳ ಆರೈಕೆಗೆಂದು ಮಹಿಳಾ ನೌಕರರಿಗೂ ಒಂಟಿ ತಂದೆಯರಿಗೂ ಸೇವಾವಧಿಯಲ್ಲಿ 730 ದಿನಗಳ ರಜೆ ಇದೆ. ತಂದೆತಾಯಿಗಳ ಆರೈಕೆಗೆ ಅಂಥ ಪ್ರತ್ಯೇಕ ರಜೆಯನ್ನು ಇಟ್ಟಿಲ್ಲ. 2025ರ ಜುಲೈಯಲ್ಲಿ ರಾಜ್ಯಸಭೆಯಲ್ಲಿ ಈ ಪ್ರಶ್ನೆ ಬಂದಾಗ, ವರ್ಷಕ್ಕಿರುವ 30 ದಿನಗಳ ಗಳಿಕೆ ರಜೆ, 20 ದಿನಗಳ ಅರ್ಧ ವೇತನ ರಜೆ, 8 ದಿನಗಳ ಸಾಂದರ್ಭಿಕ ರಜೆ, 2 ದಿನಗಳ ನಿರ್ಬಂಧಿತ ರಜೆಗಳನ್ನು ವೃದ್ಧ ತಂದೆತಾಯಿಗಳ ಆರೈಕೆಗೂ ಬಳಸಬಹುದೆಂದು ಮಂತ್ರಿಗಳು ಉತ್ತರವಿತ್ತರು. ಹೊಸದಾಗಿ ಕೊಟ್ಟದ್ದೇನೂ ಇಲ್ಲ. ಆದರೂ ರಜೆಯ ಅರ್ಜಿಯಲ್ಲಿ 'ತಾಯಿಯ ಆರೈಕೆಗಾಗಿ' ಎಂದು ಬರೆಯಲು ಹಿಂಜರಿಯುವ ಗಂಡಸರು ಇದನ್ನು ನೆನಪಿಡಬಹುದು. ರಜೆಯನ್ನೆಲ್ಲ ಆಸ್ಪತ್ರೆಯ ದಿನಕ್ಕೆಂದು ಕೂಡಿಹಾಕುವುದು ನಮ್ಮವರ ರೂಢಿ. ಸ್ವಲ್ಪವನ್ನಾದರೂ ಆರೈಕೆ ಮಾಡುವವರ ಬಿಡುವಿಗಾಗಿ ಖರ್ಚು ಮಾಡುವುದು ಲೇಸು. ತಿಂಗಳಿಗೊಂದು ಅರ್ಧ ದಿನ ನಾವು ಮನೆಯಲ್ಲಿದ್ದು, ನಮ್ಮ ಮನೆಯವರು ಹೊರಗೆ ಹೋಗುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಎಲ್ಲಿಗೆಂದು ಕೇಳುವುದಿಲ್ಲ.

ಹೊರಗಿನ ಆಸರೆಗಳೂ ಕೆಲವಿವೆ. ಅಲ್ಜೈಮರ್ಸ್ ಮತ್ತು ಸಂಬಂಧಿತ ರೋಗಗಳ ಭಾರತೀಯ ಸಂಘ 1992ರಲ್ಲಿ ಕೇರಳದಲ್ಲಿ ಆರಂಭವಾಯಿತು. ಬೇರೆ ಬೇರೆ ನಗರಗಳಲ್ಲಿ ಅದರ ಶಾಖೆಗಳಿವೆ. ಇಂಥ ಸಂಘಗಳು ನಡೆಸುವ ಕುಟುಂಬದವರ ಕೂಟಗಳಲ್ಲಿ ಒಮ್ಮೆ ಕುಳಿತು ಬಂದರೆ, ತಾನೊಬ್ಬಳೇ ಅತ್ತೆಯ ಮೇಲೆ ರೇಗಿದವಳಲ್ಲ ಎಂಬುದಾದರೂ ತಿಳಿಯುತ್ತದೆ. ಆ ಒಂದು ತಿಳಿವು ಸಣ್ಣದಲ್ಲ. ವೃದ್ಧರ ವಿಷಯಕ್ಕೆ 14567 ಎಂಬ ಸರಕಾರಿ ದೂರವಾಣಿ 2021ರಿಂದ ಇದೆ. ಆರೈಕೆ ಮಾಡುವವರ ಮನಸ್ಸು ಕುಸಿದಾಗ 14416ಕ್ಕೆ ಕರೆ ಮಾಡಬಹುದು. 'ಟೆಲಿ ಮಾನಸ್' ಎಂಬ ಈ ಸೇವೆ 2022ರ ಅಕ್ಟೋಬರಿನಿಂದ ಹಗಲು ರಾತ್ರಿ ನಡೆಯುತ್ತಿದೆ, ದುಡ್ಡಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು. ಮನೆಯಲ್ಲಿ ಕ್ಯಾನ್ಸರ್ ರೋಗಿ ಇರುವವರಿಗೆ ಮುಂಬಯಿಯ ಬಾಂದ್ರಾದಲ್ಲಿ 1986ರಿಂದ ಶಾಂತಿ ಆವೇದನಾ ಸದನವೂ, ಪುಣೆಯ ವಾರಜೆಯಲ್ಲಿ 1997ರಿಂದ ಸಿಪ್ಲಾ ಉಪಶಮನ ಕೇಂದ್ರವೂ ಇವೆ.

ಆದರೆ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಕೇರಳದವರ ರೀತಿ. ಕೋಳಿಕ್ಕೋಡಿನಲ್ಲಿ 1993ರಲ್ಲಿ ನೋವು ಮತ್ತು ಉಪಶಮನ ಆರೈಕೆಯ ಸಂಸ್ಥೆಯೊಂದು ಹುಟ್ಟಿತು. ಮುಂದೆ ಅದರಿಂದಲೇ ಊರೂರಿನ ನೆರೆಹೊರೆಯವರ ಜಾಲ ಬೆಳೆಯಿತು. ವಾರಕ್ಕೆ ಕಡಿಮೆಯೆಂದರೆ 2 ಗಂಟೆ ಕೊಡಬಲ್ಲ ಯಾರೇ ಆಗಲಿ, ಅಂಗಡಿಯವ, ಮೇಷ್ಟರು, ಗೃಹಿಣಿ, ಹೆಸರು ಬರೆಸಬಹುದು. 16 ಗಂಟೆಗಳ ಪಾಠ, ಆಮೇಲೆ ರೋಗಿಗಳ ಮನೆಗಳಲ್ಲಿ ಅಭ್ಯಾಸ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ ಹುಣ್ಣಾಗುತ್ತದೆಂಬುದೂ ಕೆಲಸ, ಸುಮ್ಮನೆ ಕುಳಿತು ಕೇಳುವುದೂ ಕೆಲಸ. ರಾಜ್ಯೋತ್ಸವಕ್ಕೆ ತಿಂಗಳುಗಟ್ಟಲೆ ನಾಟಕದ ತಾಲೀಮು ಮಾಡಿಸಬಲ್ಲ ನಮ್ಮ ಸಂಘಗಳಿಗೆ, ವಾರಕ್ಕೆ ಎರಡು ಗಂಟೆಯ ಮಂದಿಯನ್ನು ಹೊಂದಿಸುವುದು ಅಸಾಧ್ಯವೆಂದರೆ ನಾವು ನಂಬುವುದಿಲ್ಲ.

ಈಚೆಗೆ ನಾವು ಒಂದು ನೂರು ಪುಟದ ವಹಿಯಲ್ಲಿ ಎರಡು ಪಟ್ಟಿ ಬರೆಯತೊಡಗಿದ್ದೇವೆ. ಎಡಗಡೆ ಬಿಡುವು ಬೇಕಾದ ಮನೆಗಳು, ಬಲಗಡೆ ಎರಡು ಗಂಟೆ ಕೊಡಬಲ್ಲವರು. ಇಬ್ಬರಿಗೂ ಸ್ಟೇಶನ್ನಿನ ಹೆಸರು, ವಾರ, ವೇಳೆ. ಹೋಗುವವರಿಗೆ ಹೇಳುವುದು ಕೆಲವೇ ಮಾತು: ರೋಗಿಗೆ ಪರೀಕ್ಷೆ ಮಾಡಬೇಡಿ, ಅವರು ತಪ್ಪಾಡಿದರೆ ತಿದ್ದಬೇಡಿ, ಊರಿಗೆ ಹೋಗೋಣವೆಂದರೆ "ಚಹಾ ಕುಡಿದು ಹೋಗೋಣ" ಎನ್ನಿ, ಮದ್ದು ಸೂಚಿಸಬೇಡಿ, ಚಹಾ ಮನೆಯವರಿಂದ ಮಾಡಿಸಿಕೊಳ್ಳಬೇಡಿ, ನೀವೇ ಮಾಡಿ, ಮನೆಯಾಕೆ ಮಲಗಿದರೆ ಎಬ್ಬಿಸಬೇಡಿ. ಸದ್ಯಕ್ಕೆ ಎಡಗಡೆ ನಾಲ್ಕು ಮನೆ, ಬಲಗಡೆ ಏಳು ಹೆಸರು.

ಲೆಕ್ಕಕ್ಕೆ ಇದು ಸಾಲಬೇಕು. ಆದರೆ ಸಾಲುತ್ತಿಲ್ಲ, ಅದಕ್ಕೊಂದು ಮೋಜಿನ ಕಾರಣವಿದೆ. ಕಲ್ಯಾಣದ ಮನೆಯ ಅಜ್ಜಿ ಕುಂದಾಪುರ ಕಡೆಯವರು. ನಮ್ಮ ಹುಬ್ಬಳ್ಳಿ, ಬಾಗಲಕೋಟೆಯ ಮಹಿಳೆಯರು ಹೋಗಿ ಎರಡು ಗಂಟೆ ಬಾಯಿ ನೋಯುವಂತೆ ಮಾತಾಡಿದರು. ಅಜ್ಜಿ ಮರ್ಯಾದೆಯಿಂದ ಕೇಳಿಸಿಕೊಂಡು, ಅವರು ಹೋದ ಮೇಲೆ ಸೊಸೆಯನ್ನು ಕರೆದು, ಇವರು ಯಾವ ಭಾಷೆಯವರೆಂದು ವಿಚಾರಿಸಿದರಂತೆ. ಅವರಿಗೆ 'ಹೋಯ್ಕು, ಬರ್ಕು' ಎನ್ನುವವರೇ ಬೇಕು. ಠಾಣೆಯಿಂದ ಕಲ್ಯಾಣದವರೆಗಿನ ಯಾವುದಾದರೂ ಸ್ಟೇಶನ್ನಿನ ಸಮೀಪದಲ್ಲಿದ್ದು, ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಬಿಡುವಿರುವ ಕುಂದಾಪುರದವರು ಯಾರಾದರೂ ಇದ್ದರೆ ದಯಮಾಡಿ ಸಂಘದ ಕಚೇರಿಗೆ ತಿಳಿಸಬೇಕು. ಆ ಮನೆಯ ಸೊಸೆ ಶನಿವಾರಕ್ಕೆ ಕಾಯುತ್ತಿದ್ದಾರೆ.